ಎಂಜಿನ್ ಕೂತ ಮೇಲೆ ಶುರುವಾಗುವ ಕೆಲಸ

ಹಳೆ ಪಿಕಪ್‌ಗೆ ಹೊಸ ಡೀಸೆಲ್ ಎಂಜಿನ್ ಹಾಕಿದ್ದೇನೆ ಅಂದರೆ ಎಲ್ಲರೂ ಕೇಳೋದು ಎಂಜಿನ್ ಬಗ್ಗೆಯೇ. ಎಷ್ಟು ಹಾರ್ಸ್‌ಪವರ್, ಎಷ್ಟು ಮೈಲೇಜ್, ಎಳೆತ ಹೇಗಿದೆ. ಬ್ರೇಕ್ ಬೂಸ್ಟರ್‌ಗೆ ಏನು ಮಾಡಿದೆ, ಟ್ಯಾಂಕಿನ ಮುಳ್ಳು ಸರಿಯಾಗಿ ತೋರಿಸುತ್ತಾ ಅಂತ ಯಾರೂ ಕೇಳಲ್ಲ. ನನ್ನ ಸಮಯ, ದುಡ್ಡು, ನಿದ್ದೆ ಹೋಗಿದ್ದು ಮಾತ್ರ ಅಲ್ಲೇ. ಎಂಜಿನ್ ಎತ್ತಿ ಕೂರಿಸುವುದು ಒಂದು ವಾರಾಂತ್ಯದ ಕೆಲಸ. ಹಳೆ ಎಂಜಿನ್ ಸದ್ದಿಲ್ಲದೆ ಮಾಡಿಕೊಂಡು ಹೋಗುತ್ತಿದ್ದ ಹತ್ತಾರು ಕೆಲಸಗಳನ್ನು ಇನ್ಯಾರಿಗೆ ವಹಿಸೋದು ಅನ್ನೋದೇ ನಿಜವಾದ ತಲೆನೋವು.

ಗಾಡಿ 1971ರ ಫೋರ್ಡ್ ಎಫ್-100. ಬಾನೆಟ್ ಕೆಳಗಿದ್ದದ್ದು ಫೋರ್ಡ್‌ನ 300 ಇನ್‌ಲೈನ್ ಸಿಕ್ಸ್, 4.9 ಲೀಟರ್ ಪೆಟ್ರೋಲ್ ಎಂಜಿನ್. ಅದನ್ನು ಕೆಟ್ಟ ಎಂಜಿನ್ ಅಂತ ಯಾರಾದರೂ ಅಂದರೆ ನಾನೇ ಜಗಳಕ್ಕೆ ಬರುತ್ತೇನೆ. ಏಳು ಮೇನ್ ಬೇರಿಂಗ್, ಕ್ಯಾಮ್ ತಿರುಗಿಸೋಕೆ ಚೈನ್ ಬದಲು ಗೇರು. 1965ರಿಂದ 1996ರ ತನಕ ಫೋರ್ಡ್ ಅದನ್ನು ಪಿಕಪ್‌ಗಳಿಗೆ ಹಾಕುತ್ತಲೇ ಇತ್ತು. ಆದರೆ ನನ್ನದರಲ್ಲಿ ಎರಡು ಸಿಲಿಂಡರ್ ಕಂಪ್ರೆಷನ್ ಕಳೆದುಕೊಂಡಿದ್ದವು, ಎಣ್ಣೆಯನ್ನೂ ಕುಡಿಯುತ್ತಿತ್ತು. ಬೋರ್ ಮಾಡಿಸಲೇಬೇಕು ಅನ್ನುವ ಹಂತಕ್ಕೆ ಬಂದಾಗ, ಹೇಗೂ ಇಳಿಸೋದೇ ಆದರೆ ಡೀಸೆಲ್ ಯಾಕಾಗಬಾರದು ಅನ್ನಿಸಿತು. ತೂಕ ಎಳೆಯುವ ಕೆಲಸ ನನಗೆ ಜಾಸ್ತಿ. ಕಡಿಮೆ ಆರ್‌ಪಿಎಮ್‌ನಲ್ಲಿ ನಿಧಾನಕ್ಕೆ ದುಡಿಯುವ ಎಂಜಿನ್ ಬೇಕಿತ್ತು.

ಇಂಥ ಕೆಲಸಕ್ಕೆ ಎಲ್ಲರ ಬಾಯಲ್ಲೂ ಮೊದಲು ಬರುವ ಹೆಸರು ಕಮಿನ್ಸ್ 5.9, ಅದೇ 1989ರಲ್ಲಿ ಡಾಡ್ಜ್ ಪಿಕಪ್‌ಗೆ ಬಂದ ಹನ್ನೆರಡು ವಾಲ್ವಿನ ಆರು ಸಿಲಿಂಡರ್. ಎಂಜಿನ್ ಓಡೋಕೆ ಕಂಪ್ಯೂಟರ್ ಬೇಡ, ಎಲ್ಲಾ ಮೆಕ್ಯಾನಿಕಲ್. ಗಟ್ಟಿಮುಟ್ಟು. ಆದರೆ ತೂಕ ಹತ್ತಿರ ಹತ್ತಿರ ಅರ್ಧ ಟನ್. ಎಫ್-100ನಂಥ ಹಗುರ ಚಾಸಿಯ ಮೂಗಿನ ಮೇಲೆ ಅದನ್ನು ಕೂರಿಸಿದರೆ ಸ್ಪ್ರಿಂಗ್, ಸ್ಟೀರಿಂಗ್, ಬ್ರೇಕ್ ಎಲ್ಲಾ ಬದಲಿಸಬೇಕು. ಅದರ ತಮ್ಮ 4ಬಿಟಿ, 3.9 ಲೀಟರ್. ಹಗುರವೇನೋ ಹೌದು, ಆದರೆ ನಾಲ್ಕೇ ಸಿಲಿಂಡರ್, ಬ್ಯಾಲೆನ್ಸ್ ಶಾಫ್ಟ್ ಇಲ್ಲ. ನಿಂತಲ್ಲೇ ಆನ್ ಮಾಡಿದರೆ ಕನ್ನಡಿಯಲ್ಲಿ ಹಿಂದಿನ ಗಾಡಿ ಎರಡೆರಡು ಕಾಣುತ್ತೆ. ನನ್ನ ಮಟ್ಟಿಗೆ ಅದು ಡೆಲಿವರಿ ವ್ಯಾನಿಗೆ ಸರಿ.

ಇನ್ನೊಂದು ದಾರಿ, ಅಪಘಾತವಾದ ಹೊಸ ಗಾಡಿಯಿಂದ ಡೀಸೆಲ್ ಎಂಜಿನ್ ಬಿಚ್ಚಿ ತರೋದು. ಕೇಳೋಕೆ ಚೆಂದ. ಆದರೆ ಆ ಎಂಜಿನ್‌ನ ಕಂಪ್ಯೂಟರ್‌ಗೆ ತನ್ನ ಬೀಗದ ಕೈ ಬೇಕು, ಡ್ಯಾಶ್‌ಬೋರ್ಡ್ ಬೇಕು, ಬಾಡಿ ಮಾಡ್ಯೂಲ್ ಬೇಕು. ಸೈಲೆನ್ಸರ್ ಸಾಲಿನಲ್ಲಿ ಡಿಪಿಎಫ್ (ಮಸಿ ಹಿಡಿಯುವ ಫಿಲ್ಟರ್) ಇದೆಯಾ, ಯೂರಿಯಾ ಟ್ಯಾಂಕಿನಲ್ಲಿ ದ್ರವ ಇದೆಯಾ ಅಂತ ಕೇಳುತ್ತಾ ಇರುತ್ತದೆ. ಒಂದು ಉತ್ತರ ತಪ್ಪಿದರೂ ಕುಂಟುತ್ತಾ ಓಡುತ್ತದೆ, ಇಲ್ಲವೇ ಸ್ಟಾರ್ಟೇ ಆಗಲ್ಲ. ತನ್ನ ಕಂಪ್ಯೂಟರ್ ಜೊತೆ ಹೊಂದಿಕೊಂಡು ಬರದ ಹೊಸ ಡೀಸೆಲ್ ಎಂಜಿನ್ ಅಂದರೆ ಸುಮ್ನೆ ಒಂದು ಕಬ್ಬಿಣದ ಮುದ್ದೆ.

ಹಾಗಾಗಿ ನಾನು ಆರಿಸಿಕೊಂಡಿದ್ದು ಕಮಿನ್ಸ್ ಆರ್2.8. 2017ರಲ್ಲಿ ಈ ಕೆಲಸಕ್ಕೆಂದೇ ಪೆಟ್ಟಿಗೆಯಲ್ಲಿ ಮಾರೋಕೆ ಶುರು ಮಾಡಿದ ಎಂಜಿನ್. ನಾಲ್ಕು ಸಿಲಿಂಡರ್, 94 ಮಿ.ಮೀ. ಬೋರ್, 100 ಮಿ.ಮೀ. ಸ್ಟ್ರೋಕ್. ಮೂಲದಲ್ಲಿ ಇದು ಚೀನಾದಲ್ಲಿ ತಯಾರಾಗುವ ಐಎಸ್‌ಎಫ್ 2.8. ರಷ್ಯಾದ ಗಜೆಲ್ ವ್ಯಾನುಗಳಿಗೂ ಇದನ್ನೇ ಹಾಕುತ್ತಿದ್ದರು. ಕಂಪ್ಯೂಟರ್, ವೈರಿಂಗ್ ಹಾರ್ನೆಸ್, ಎಲೆಕ್ಟ್ರಾನಿಕ್ ಪೆಡಲ್ ಎಲ್ಲಾ ಜೊತೆಗೇ ಬಂದವು. ತೂಕ ಸುಮಾರು 230 ಕೆ.ಜಿ., ಹಳೆ ಸಿಕ್ಸ್‌ನಷ್ಟೇ ಹೆಚ್ಚುಕಮ್ಮಿ. ಮುಂದಿನ ಸ್ಪ್ರಿಂಗ್ ಮುಟ್ಟಬೇಕಾಗಿಲ್ಲ ಅಂತ ಗೊತ್ತಾದ ಮೇಲೆ ನಾನು ಬೇರೆ ಕಡೆ ನೋಡಲೇ ಇಲ್ಲ. ಇಷ್ಟರ ಮೇಲೂ ಎಂಜಿನ್ ಕೊಳ್ಳುವ ಮೊದಲು ನಿಮ್ಮ ಕಡೆಯ ನೋಂದಣಿ ಮತ್ತು ಹೊಗೆ ತಪಾಸಣೆಯ ನಿಯಮ ಓದಿಕೊಳ್ಳಿ. ಕೊಂಡ ಮೇಲೆ ಓದಿ ಪ್ರಯೋಜನವಿಲ್ಲ.

ಹಾರ್ಸ್‌ಪವರ್ ಲೆಕ್ಕದ ಬಗ್ಗೆ ಒಂದು ಮಾತು. ಆರ್2.8ರದ್ದು 161. ಹಳೆ ಕ್ಯಾಟಲಾಗ್ ತೆಗೆದರೆ 300 ಸಿಕ್ಸ್‌ಗೂ 160ರ ಮೇಲೇ ಬರೆದಿದ್ದಾರೆ. ಹಾಗಾದರೆ ಇಷ್ಟೆಲ್ಲಾ ಮಾಡಿ ಏನು ಸಿಕ್ಕಿತು ಅಂತ ನನ್ನ ಗೆಳೆಯ ಆಡಿಕೊಂಡ. ಆದರೆ 1972ಕ್ಕೆ ಮುಂಚೆ ಅಮೆರಿಕದ ಕಂಪನಿಗಳು ಬರೆಯುತ್ತಿದ್ದದ್ದು ಗ್ರಾಸ್ ಲೆಕ್ಕ. ಫ್ಯಾನ್, ಆಲ್ಟರ್ನೇಟರ್, ಸೈಲೆನ್ಸರ್ ಏನೂ ಇಲ್ಲದೆ ಟೆಸ್ಟ್ ಬೆಂಚ್ ಮೇಲೆ ಓಡಿಸಿ ಅಳೆದದ್ದು. ಗಾಡಿಯೊಳಗೆ ಕೂತ ಎಂಜಿನ್ ಅಷ್ಟು ಕೊಡುತ್ತಿರಲಿಲ್ಲ. ಅದಿರಲಿ, ನಾನು ನೋಡಿದ್ದು ಟಾರ್ಕ್. 310 ಪೌಂಡ್-ಅಡಿ, ಅಂದರೆ 420 ನ್ಯೂಟನ್ ಮೀಟರ್, ಅದೂ ಕೆಳಗಿನ ಆರ್‌ಪಿಎಮ್‌ನಲ್ಲೇ.

ಹಳೆಯದನ್ನು ಇಳಿಸಿ, ತೊಳೆದು, ಅಳತೆ ತೆಗೆಯೋಕೆ ಕೂತೆವು. ಈ ಗಾಡಿಯ ಮುಂಭಾಗದಲ್ಲಿ ಫೋರ್ಡ್‌ನ ಟ್ವಿನ್ ಐ-ಬೀಮ್ ಇದೆ. ಎರಡು ದಪ್ಪ ಕಬ್ಬಿಣದ ತೊಲೆಗಳು ಎಂಜಿನ್ ಕೆಳಗೆ ಅಡ್ಡ ಹಾಯ್ದು ಹೋಗುತ್ತವೆ. ಹಳ್ಳಕ್ಕೆ ಬಿದ್ದಾಗ ಅವು ಮೇಲಕ್ಕೆ ಏಳುತ್ತವೆ. ಆಗ ಎಣ್ಣೆ ಸಂಪ್‌ಗೆ ತಾಗಬಾರದು. ಎಂಜಿನ್ ಮೇಲೆತ್ತಿದರೆ ಬಾನೆಟ್ ಮುಚ್ಚಲ್ಲ, ಹಿಂದಕ್ಕೆ ತಳ್ಳಿದರೆ ಫೈರ್‌ವಾಲ್‌ಗೆ, ಅಂದರೆ ಕ್ಯಾಬಿನ್ ಮುಂದಿನ ಗೋಡೆಗೆ, ಬಡಿಯುತ್ತೆ. ಸ್ಪ್ರಿಂಗ್ ಬಿಚ್ಚಿಟ್ಟು, ಜಾಕ್ ಕೊಟ್ಟು ಬೀಮನ್ನು ಅದರ ಕೊನೆಯ ಮಿತಿ ತನಕ ಎತ್ತಿ ನೋಡಿದ ಮೇಲೇ ಎಂಜಿನ್ ಕೂರುವ ಮೌಂಟ್‌ಗೆ ಟ್ಯಾಕ್, ಅಂದರೆ ತಾತ್ಕಾಲಿಕ ವೆಲ್ಡ್ ಚುಕ್ಕೆ, ಹಾಕಿದ್ದು. ಪೂರ್ತಿ ವೆಲ್ಡ್ ಮಾಡಿದ್ದು ಗೇರ್‌ಬಾಕ್ಸ್, ಪ್ರೊಪೆಲ್ಲರ್ ಶಾಫ್ಟ್ ಎಲ್ಲಾ ಕೂತು, ಗೇರ್‌ಬಾಕ್ಸಿನ ಹೊರ ಶಾಫ್ಟಿಗೂ ಹಿಂದಿನ ಆಕ್ಸಲ್‌ನ ಪಿನಿಯನ್‌ಗೂ ಕೋನ ಹೊಂದಿದ ಮೇಲೆ. ಅವೆರಡೂ ಒಂದಕ್ಕೊಂದು ಸಮಾನಾಂತರವಾಗಿ ಇರಬೇಕು, ಇಲ್ಲದಿದ್ದರೆ ಯೂನಿವರ್ಸಲ್ ಜಾಯಿಂಟ್ ನಡುಗುತ್ತೆ. ಆ ನಡುಕವನ್ನು ಎಲ್ಲರೂ ಡೀಸೆಲ್ ಎಂಜಿನ್ ತಲೆಗೇ ಕಟ್ಟುತ್ತಾರೆ.

ಗೇರ್‌ಬಾಕ್ಸ್ ಎನ್‌ವಿ4500, ಐದು ಗೇರಿನದು. ಈ ಎಂಜಿನ್‌ಗೆ ಇದು ಅಗತ್ಯಕ್ಕಿಂತ ಜಾಸ್ತಿಯೇ, ತೂಕವೂ ಜಾಸ್ತಿ. ಆದರೆ ನನಗೆ ಬೇಕಿದ್ದದ್ದು ಅದರ ಐದನೇ ಗೇರು. ಲೆಕ್ಕ ನೋಡಿ. ನನ್ನ ಟೈರಿನ ಸುತ್ತಳತೆ ಸುಮಾರು 2.3 ಮೀಟರ್, ಹಿಂದಿನ ಆಕ್ಸಲ್ ರೇಶಿಯೋ 3.50. ಹಳೆ ನಾಲ್ಕು ಗೇರಿನ ಬಾಕ್ಸ್‌ನಲ್ಲಿ ಕೊನೆ ಗೇರು ನೇರ ಒಂದಕ್ಕೊಂದು. ಗಂಟೆಗೆ 100 ಕಿ.ಮೀ. ವೇಗದಲ್ಲಿ ಎಂಜಿನ್ ಸುಮಾರು 2,500 ಸುತ್ತು ಹೊಡೆಯುತ್ತಿತ್ತು. ಎನ್‌ವಿ4500ರ ಐದನೇ ಗೇರು 0.73. ಅದೇ ವೇಗಕ್ಕೆ ಈಗ 1,850ರ ಆಸುಪಾಸು. ಈ ಡೀಸೆಲ್‌ಗೆ ಖುಷಿಯಾಗುವ ಜಾಗ ಅದೇ. ಈ ಲೆಕ್ಕ ಮಾಡದೆ ಎಂಜಿನ್ ಬದಲಿಸೋಕೆ ಕೈಹಾಕಿದವರ ಗಾಡಿಗಳನ್ನು ನೋಡಿದ್ದೇನೆ. ಹೈವೇ ಮೇಲೆ ಅರಚಿಕೊಂಡು ಓಡುತ್ತವೆ, ಮೈಲೇಜೂ ಇಲ್ಲ, ನೆಮ್ಮದಿಯೂ ಇಲ್ಲ. ದುಡ್ಡು ಎರಡು ಕಡೆ ಹಂಚಬೇಕಾಗಿ ಬಂದರೆ ಎಂಜಿನ್‌ನ ಟ್ಯೂನಿಂಗ್ ಬಿಟ್ಟು ಗೇರ್ ರೇಶಿಯೋಗೆ ಹಾಕಿ ಅನ್ನುತ್ತೇನೆ ನಾನು.

ಎಂಜಿನ್‌ಗೂ ಗೇರ್‌ಬಾಕ್ಸಿಗೂ ನಡುವೆ ಒಂದು ಅಡಾಪ್ಟರ್ ಪ್ಲೇಟ್, ಅದಕ್ಕೊಂದು ಬೆಲ್ ಹೌಸಿಂಗ್, ಅಂದರೆ ಕ್ಲಚ್ ಮುಚ್ಚುವ ಗಂಟೆಯಾಕಾರದ ಕವಚ. ಬೋಲ್ಟ್ ಬಿಗಿದರೆ ಮುಗೀತು ಅಂತ ನಾನಿದ್ದರೆ, ಲೇತ್ ಕೆಲಸದ ಗೆಳೆಯ ತಡೆದ. “ಮಾರಾಯ, ಡಯಲ್ ಗೇಜ್ ಹಾಕದೆ ಅದನ್ನು ಮುಚ್ಚೋಕೆ ನಾನಂತೂ ಬಿಡಲ್ಲ” ಅಂದ. ಫ್ಲೈವೀಲ್ ಮೇಲೆ ಗೇಜ್‌ನ ಅಯಸ್ಕಾಂತದ ಕಾಲು ಕೂರಿಸಿ, ಮುಳ್ಳಿನ ತುದಿಯನ್ನು ಬೆಲ್ ಹೌಸಿಂಗ್‌ನ ನಡು ತೂತಿನ ಒಳ ಅಂಚಿಗೆ ತಾಗಿಸಿದ. ಕ್ರ್ಯಾಂಕನ್ನು ಕೈಯಲ್ಲೇ ನಿಧಾನಕ್ಕೆ ತಿರುಗಿಸುತ್ತಾ ಹೋದೆವು. ಮುಳ್ಳು ಒಂದು ಕಡೆ ಏರಿ, ಇನ್ನೊಂದು ಕಡೆ ಇಳಿದು, ಒಟ್ಟು 14 ಥೌ ಓಡಾಡಿತು. ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಪಾಲು. ಮುಳ್ಳು ತೋರಿಸೋದು ನಿಜವಾದ ವ್ಯತ್ಯಾಸದ ಎರಡರಷ್ಟು. ಅಂದರೆ ಗೇರ್‌ಬಾಕ್ಸಿನ ನಡುಗೆರೆ ಕ್ರ್ಯಾಂಕಿನ ನಡುಗೆರೆಯಿಂದ 7 ಥೌ ಆಚೆಗಿದೆ. 5 ಥೌ, ಅಂದರೆ 0.13 ಮಿ.ಮೀ. ಒಳಗೆ ಇರಬೇಕು ಅನ್ನೋದು ಸಾಮಾನ್ಯ ಮಿತಿ.

ಇದಕ್ಕೆ ಮದ್ದು ಆಫ್‌ಸೆಟ್ ಡೌಲ್ ಪಿನ್. ಬೆಲ್ ಹೌಸಿಂಗ್ ಎಲ್ಲಿ ಕೂರಬೇಕು ಅಂತ ಹಿಡಿದಿಡೋದು ಈ ಪಿನ್ನುಗಳೇ. ನೋಡೋಕೆ ಸಾದಾ ಪಿನ್, ಆದರೆ ಅದರ ಎರಡು ಅರ್ಧಗಳು ಒಂದೇ ನೇರದಲ್ಲಿ ಇರಲ್ಲ, ಒಂದು ಕೂದಲೆಳೆಯಷ್ಟು ಪಕ್ಕಕ್ಕೆ ಸರಿದಿರುತ್ತದೆ. 7 ಥೌನ ಜೋಡಿ ಹಾಕಿ, ಸ್ಕ್ರೂಡ್ರೈವರ್‌ನಲ್ಲಿ ಪಿನ್ ತಿರುಗಿಸಿ, ಮತ್ತೆ ಬಿಗಿದು, ಮತ್ತೆ ಅಳೆದು, ಮತ್ತೆ ಬಿಚ್ಚಿ. ಕೊನೆಗೆ ಮುಳ್ಳಿನ ಓಡಾಟ 4 ಥೌಗೆ ಇಳಿಯಿತು. ಇದನ್ನು ಬಿಟ್ಟಿದ್ದರೆ ಗಾಡಿ ಓಡುತ್ತಿರಲಿಲ್ಲವಾ? ಓಡುತ್ತಿತ್ತು. ಸ್ವಲ್ಪ ಕಾಲದಲ್ಲೇ, ಕ್ರ್ಯಾಂಕಿನ ತುದಿಯಲ್ಲಿ ಗೇರ್‌ಬಾಕ್ಸ್ ಶಾಫ್ಟನ್ನು ಹಿಡಿಯುವ ಪೈಲಟ್ ಬೇರಿಂಗ್ ಕಿರುಚುತ್ತಿತ್ತು, ಆಮೇಲೆ ಗೇರ್‌ಬಾಕ್ಸಿನ ಮುಂದಿನ ಬೇರಿಂಗ್ ಹೋಗುತ್ತಿತ್ತು. ಆಗ ಬೈಸಿಕೊಳ್ಳುತ್ತಿದ್ದದ್ದು ಗೇರ್‌ಬಾಕ್ಸ್.

ಕ್ಲಚ್‌ಗೆ ಹಳೆ ರಾಡು, ಲಿವರ್ ಎಲ್ಲಾ ಬಿಸಾಕಿ ಹೈಡ್ರಾಲಿಕ್ ಮಾಡಿದೆ. ಅದರಲ್ಲಿ ಹೇಳುವಂಥದ್ದೇನಿಲ್ಲ.

ಬ್ರೇಕ್ ಮಾತ್ರ ಬೇರೆ ಕಥೆ. ಪೆಟ್ರೋಲ್ ಎಂಜಿನ್‌ನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಥ್ರಾಟಲ್ ಮುಚ್ಚಿ ಮ್ಯಾನಿಫೋಲ್ಡ್‌ನಲ್ಲಿ ವ್ಯಾಕ್ಯೂಮ್ ಹುಟ್ಟುತ್ತೆ. ಬ್ರೇಕ್ ಬೂಸ್ಟರ್‌ಗೆ ಅದೇ ಬಲ. ಡೀಸೆಲ್ ಎಂಜಿನ್ ಗಾಳಿ ತಡೆದು ಓಡುವ ಜಾತಿಯಲ್ಲ. ಡೀಸೆಲ್ ಎಷ್ಟು ಚಿಮ್ಮಿಸಬೇಕು ಅನ್ನೋದರಿಂದಲೇ ಅದರ ವೇಗ ಹಿಡಿತದಲ್ಲಿ ಇರೋದು. ಹಾಗಾಗಿ ಬೂಸ್ಟರ್‌ಗೆ ಬೇರೆ ವ್ಯಾಕ್ಯೂಮ್ ಪಂಪ್ ಕೊಡಬೇಕು, ಇಲ್ಲವೇ ಹೈಡ್ರೋಬೂಸ್ಟ್ ಹಾಕಬೇಕು. ನಾನು ಎರಡನೆಯದನ್ನು ಹಾಕಿದೆ. ಪವರ್ ಸ್ಟೀರಿಂಗ್ ಪಂಪಿನ ಒತ್ತಡವನ್ನೇ ಬ್ರೇಕಿಗೂ ಬಳಸಿಕೊಳ್ಳುವ ವ್ಯವಸ್ಥೆ ಅದು. ಎಂಜಿನ್ ನಿಂತುಹೋದರೂ ಒಂದೆರಡು ಸಲ ಬ್ರೇಕ್ ಹಿಡಿಯುವಷ್ಟು ಒತ್ತಡ ಕೂಡಿಟ್ಟುಕೊಂಡಿರುತ್ತದೆ. ಜೊತೆಗೆ ಮುಂದಿನ ಡ್ರಮ್ ತೆಗೆದು ಡಿಸ್ಕ್ ಮಾಡಿದೆ. ಎಳೆಯುವ ಶಕ್ತಿ ಹೆಚ್ಚಿಸಿ ನಿಲ್ಲಿಸುವ ಶಕ್ತಿ ಹಾಗೇ ಬಿಡೋದು ಯಾವ ನ್ಯಾಯ, ಅಲ್ವಾ?

ಟ್ಯಾಂಕ್ ಎಲ್ಲಿತ್ತು ಗೊತ್ತಾ? ಸೀಟಿನ ಬೆನ್ನ ಹಿಂದೆ, ಕ್ಯಾಬಿನ್ ಒಳಗೇ! ಆ ಕಾಲದ ಎಫ್-100ಗಳಲ್ಲಿ ಹಾಗೇ ಇರುತ್ತಿತ್ತು. ಅದನ್ನು ಕಿತ್ತು, ಹಿಂದಿನ ಡಬ್ಬದ ಕೆಳಗೆ ಚಾಸಿ ನಡುವೆ ಹೊಸ ಟ್ಯಾಂಕ್ ಕೂರಿಸಿದೆ. ಡೀಸೆಲ್‌ಗೆ ಎರಡು ಪೈಪ್ ಬೇಕು, ಒಂದು ಹೋಗೋಕೆ, ಇನ್ನೊಂದು ಮಿಕ್ಕ ಬಿಸಿ ಡೀಸೆಲ್ ವಾಪಸ್ ಬರೋಕೆ. ಹಳೆ ಕಾರ್ಬ್ಯುರೇಟರ್‌ಗೆ ಸುಮಾರು 5 ಪಿಎಸ್‌ಐ, ಅಂದರೆ ಅರ್ಧ ಬಾರ್‌ಗಿಂತಲೂ ಕಮ್ಮಿ ಒತ್ತಡ ಸಾಕಿತ್ತು. ಈ ಎಂಜಿನ್‌ನ ಕಾಮನ್ ರೈಲ್‌ನಲ್ಲಿ, ಅಂದರೆ ಎಲ್ಲಾ ಇಂಜೆಕ್ಟರ್‌ಗೂ ಡೀಸೆಲ್ ಹಂಚುವ ಒಂದೇ ಕೊಳವೆಯಲ್ಲಿ, ಪೂರ್ತಿ ಲೋಡ್ ಬಿದ್ದಾಗ ಒತ್ತಡ 1,500 ಬಾರ್ ದಾಟುತ್ತೆ. ಅಷ್ಟು ಒತ್ತಡದಲ್ಲಿ ಕೆಲಸ ಮಾಡುವ ಇಂಜೆಕ್ಟರ್‌ಗೆ ಕಣ್ಣಿಗೆ ಕಾಣದ ಧೂಳೂ ಮರಳಿದ್ದಂತೆ. ಸತು ಲೇಪಿಸಿದ ಪೈಪು, ತಾಮ್ರದ ಪೈಪು ಎರಡೂ ಡೀಸೆಲ್‌ಗೆ ಆಗಿಬರಲ್ಲ. ನೀರು ಬೇರ್ಪಡಿಸುವ ಫಿಲ್ಟರ್ ಮೊದಲು, ಸಣ್ಣ ಕಣ ಹಿಡಿಯುವ ಫಿಲ್ಟರ್ ಆಮೇಲೆ. ಪೈಪ್ ಜೋಡಿಸುವ ತನಕ ಅದರ ಬಾಯಿಗೆ ಕ್ಯಾಪ್ ಹಾಕೇ ಇಟ್ಟಿದ್ದೆವು.

ಇನ್ನು ವೈರಿಂಗ್. 1971ರ ಗಾಡಿಗೆ ಕರೆಂಟ್ ಬೇಕಿದ್ದದ್ದು ದೀಪಕ್ಕೆ, ಹಾರ್ನ್‌ಗೆ, ಕಾಯಿಲ್‌ಗೆ. ಅರ್ಧ ವೋಲ್ಟ್ ಕಮ್ಮಿ ಬಂದರೆ ದೀಪ ಸ್ವಲ್ಪ ಮಂಕಾಗುತ್ತಿತ್ತು, ಅಷ್ಟೇ. ಕಂಪ್ಯೂಟರ್‌ಗೆ ಆ ತಾಳ್ಮೆ ಇಲ್ಲ. ಕೀ ತಿರುಗಿಸಿದಾಗ ಕಂಪ್ಯೂಟರನ್ನು ಎಬ್ಬಿಸೋಕೆ ಒಂದು ವೈರ್ ಬೇಕು. ಹಳೆ ಕಾಯಿಲ್‌ಗೆ ಹೋಗುತ್ತಿದ್ದ ವೈರ್ ಖಾಲಿ ಇದೆಯಲ್ಲ, ಅದನ್ನೇ ಕೊಡೋಣ ಅಂತ ಯಾರಿಗಾದರೂ ಅನ್ನಿಸುತ್ತೆ. ಆದರೆ ಫೋರ್ಡ್‌ನ ಆ ವೈರ್ ಸಾದಾ ವೈರ್ ಅಲ್ಲ, ರೆಸಿಸ್ಟೆನ್ಸ್ ವೈರ್. ಕಾಯಿಲ್ ಸುಡದಿರಲಿ ಅಂತ ಬೇಕೆಂದೇ ವೋಲ್ಟೇಜ್ ಇಳಿಸುತ್ತೆ. ಆಕ್ಸೆಸರಿ ವೈರ್ ಕೊಟ್ಟರೆ ಇನ್ನೊಂದು ಫಜೀತಿ. ಸ್ಟಾರ್ಟರ್ ತಿರುಗುವಾಗ ಅದು ಸತ್ತುಹೋಗುತ್ತದೆ. ಕೀ ಆನ್ ಇದ್ದಾಗಲೂ, ಸ್ಟಾರ್ಟರ್ ತಿರುಗುವಾಗಲೂ ಜೀವ ಇರುವ ವೈರನ್ನು ಮೀಟರ್ ಹಿಡಿದು ಹುಡುಕಿ, ಅದರಿಂದ ಒಂದು ರಿಲೇ ಎಳೆದು, ರಿಲೇಗೆ ನೇರ ಬ್ಯಾಟರಿಯಿಂದ ಫ್ಯೂಸ್ ಹಾಕಿ ಕೊಟ್ಟೆ.

ಆಮೇಲೆ ಅರ್ಥ್. ಸ್ಟಾರ್ಟರ್ ತಿರುಗಿಸಿದರೆ ಎಂಜಿನ್ ಚೆನ್ನಾಗಿ ಸುತ್ತುತ್ತಿತ್ತು, ಆದರೆ ವಾರ್ನಿಂಗ್ ದೀಪ ಒಂದು ಸಲ ಆರಿ ಮತ್ತೆ ಹತ್ತುತ್ತಿತ್ತು. ಅಂದರೆ ಕಂಪ್ಯೂಟರ್ ನಡುವೆ ಕಣ್ಣು ಮುಚ್ಚಿ ತೆರೆಯುತ್ತಿದೆ. ಮೀಟರ್‌ನ ಕಪ್ಪು ಮುಳ್ಳನ್ನು ಬ್ಯಾಟರಿಯ ನೆಗೆಟಿವ್‌ಗೂ, ಕೆಂಪನ್ನು ಎಂಜಿನ್ ಬ್ಲಾಕ್‌ಗೂ ಇಟ್ಟು ಸ್ಟಾರ್ಟರ್ ತಿರುಗಿಸಿದೆವು. 0.2 ವೋಲ್ಟ್ ಒಳಗೆ ಇರಬೇಕಾದದ್ದು 0.8 ತೋರಿಸಿತು. ಅರ್ಥ್ ಕೇಬಲ್ ಹೊರಗಿಂದ ನೋಡೋಕೆ ಚೆನ್ನಾಗೇ ಇತ್ತು. ರಬ್ಬರ್ ಸೀಳಿದರೆ ಒಳಗೆ ತಾಮ್ರವೆಲ್ಲ ಹಸಿರು ಪುಡಿ. ಬ್ಯಾಟರಿಯಿಂದ ಬ್ಲಾಕಿಗೆ ದಪ್ಪ ಹೊಸ ಕೇಬಲ್, ಬ್ಲಾಕಿನಿಂದ ಚಾಸಿಗೆ ಒಂದು, ಚಾಸಿಯಿಂದ ಕ್ಯಾಬಿನ್‌ಗೆ ಒಂದು. ತಾಗುವ ಕಡೆಯಲ್ಲೆಲ್ಲಾ ಪೇಂಟ್ ಕೆರೆದು ಬಿಳಿ ಕಬ್ಬಿಣ ಕಾಣಿಸಿ ಬಿಗಿದದ್ದು. ದೀಪ ಮತ್ತೆ ಮಿಟುಕಲಿಲ್ಲ.

ಮೀಟರುಗಳ ವಿಷಯಕ್ಕೆ ಬಂದರೆ, ಡ್ಯಾಶ್‌ಬೋರ್ಡ್ ಹಳೆಯದೇ ಉಳಿಯಬೇಕು ಅನ್ನೋದು ನನ್ನ ಹಟ. ಹಳೆ ಫೋರ್ಡ್‌ನ ಇಂಧನದ ಮುಳ್ಳು ಟ್ಯಾಂಕ್ ಖಾಲಿಯಿದ್ದಾಗ ಸುಮಾರು 73 ಓಮ್, ತುಂಬಿದಾಗ 10 ಓಮ್ ಕೇಳುತ್ತದೆ. ಅಂಗಡಿಯಲ್ಲಿ ಸಿಗುವ ಎಷ್ಟೋ ಟ್ಯಾಂಕುಗಳ ಸೆಂಡರ್, ಅಂದರೆ ಒಳಗಿನ ಮಟ್ಟ ಅಳೆದು ಮುಳ್ಳಿಗೆ ತಿಳಿಸುವ ಭಾಗ, 240ರಿಂದ 33 ಓಮ್‌ನದು. ಹಾಗೇ ಹಾಕಿದರೆ ಟ್ಯಾಂಕ್ ತುಂಬಿದ್ದರೂ ಮುಳ್ಳು ಅರ್ಧಕ್ಕೇ ಬರಲ್ಲ. 73-10ರ ಸೆಂಡರ್ ಹುಡುಕಿ ತರಿಸಿದೆ. ಸ್ಪೀಡೋಮೀಟರ್‌ಗೆ ಕೇಬಲ್ ತಿರುಗಿಸುವ ಒಂದು ಪುಟ್ಟ ಮೋಟಾರ್ ಪೆಟ್ಟಿಗೆ ಬರುತ್ತೆ. ಗೇರ್‌ಬಾಕ್ಸಿನ ಸೆನ್ಸರ್ ಓದಿ ಅದಕ್ಕೆ ತಕ್ಕಂತೆ ಹಳೆ ಕೇಬಲ್ ತಿರುಗಿಸುತ್ತದೆ. ನೋಡಿದವರಿಗೆ ಗೊತ್ತೇ ಆಗಲ್ಲ.

ಇಂಟರ್‌ಕೂಲರ್, ರೇಡಿಯೇಟರ್, ಎಲೆಕ್ಟ್ರಿಕ್ ಫ್ಯಾನ್ ಎಲ್ಲಾ ಮೂಗಿನ ಕಡೆ ಆರಾಮಾಗಿ ಕೂತವು. ಹಳೆ ಆರು ಸಿಲಿಂಡರ್ ಉದ್ದಕ್ಕಿತ್ತಲ್ಲ, ಅದರ ಪುಣ್ಯ.

ಸ್ಟಾರ್ಟ್ ಮಾಡುವ ಮೊದಲು ಇಂಜೆಕ್ಟರ್‌ಗಳ ಪ್ಲಗ್ ಬಿಚ್ಚಿ, ಬರೀ ಸ್ಟಾರ್ಟರ್‌ನಲ್ಲಿ ಸುತ್ತಿಸಿ ಎಣ್ಣೆ ಒತ್ತಡ ಮೇಲೇರುವುದನ್ನು ನೋಡಿಕೊಂಡೆವು. ಒಣ ಟರ್ಬೋ ತಿರುಗಿಸಬಾರದು. ಲಿಫ್ಟ್ ಪಂಪ್ ಓಡಿಸಿ ಕಡಿಮೆ ಒತ್ತಡದ ಸಾಲಿನಲ್ಲಿದ್ದ ಗಾಳಿ ತೆಗೆದೆವು. ಹಳೆ ಕಾಲದ ಡೀಸೆಲ್ ಮೆಕ್ಯಾನಿಕ್‌ಗಳಿಗೆ ಇಂಜೆಕ್ಟರ್ ನಟ್ ಸಡಿಲಿಸಿ ಗಾಳಿ ಬಿಡುವ ಅಭ್ಯಾಸ ಇದೆ. ಕಾಮನ್ ರೈಲ್‌ನಲ್ಲಿ ಅದನ್ನು ಮಾಡಲೇಬೇಡಿ. ಆ ಒತ್ತಡದ ಸಣ್ಣ ಚಿಮ್ಮು ಚರ್ಮ ತೂರಿ ಒಳಗೆ ಹೋಗುತ್ತದೆ, ಹೊರಗೆ ಸೂಜಿ ಚುಚ್ಚಿದಷ್ಟೇ ಗುರುತು, ಒಳಗೆ ಬೆರಳೇ ಕೊಳೆಯಬಹುದು. ಸೋರಿಕೆ ನೋಡೋಕೆ ಕೈ ಹಿಡಿಯದೆ ರಟ್ಟಿನ ತುಂಡು ಹಿಡಿಯಿರಿ. ಟರ್ಬೋಗೆ ಗಾಳಿ ಹೋಗುವ ಬಾಯಿ ಮುಚ್ಚೋಕೆ ಒಂದು ದಪ್ಪ ಹಲಗೆಯನ್ನೂ ಪಕ್ಕದಲ್ಲಿ ಇಟ್ಟುಕೊಂಡಿದ್ದೆವು. ಡೀಸೆಲ್ ಎಂಜಿನ್ ತನ್ನ ಎಣ್ಣೆಯನ್ನೇ ಕುಡಿದು ಹುಚ್ಚೆದ್ದು ಓಡೋಕೆ ಶುರು ಮಾಡಿದರೆ ಕೀ ತೆಗೆದರೂ ನಿಲ್ಲಲ್ಲ, ಗಾಳಿಯನ್ನೇ ತಡೆಯಬೇಕು. ಹಲಗೆ ಬೇಕಾಗಲಿಲ್ಲ. ಸ್ವಲ್ಪ ಹೊತ್ತು ಸುತ್ತಿ, ಒಂದು ಸಲ ಕೆಮ್ಮಿ ಹತ್ತಿಕೊಂಡಿತು. “ಇಷ್ಟೇನಾ?” ಅಂದ ಗೆಳೆಯ. ಹೊಗೆ ಬರಲಿ ಅಂತ ಕಾದಿದ್ದನೋ ಏನೋ.

ಓಡಿಸೋಕೆ ಹೇಗಿದೆ ಅಂದರೆ, ಮೊದಲ ಗೇರು ಹೆಚ್ಚುಕಮ್ಮಿ ಬೇಡವೇ ಬೇಡ. 5.61ರ ರೇಶಿಯೋ ಅದು, ಲೋಡ್ ಇಲ್ಲದಿದ್ದರೆ ಎರಡರಲ್ಲೇ ಎತ್ತುತ್ತೇನೆ. ಮುಂಚೆ ಲೀಟರಿಗೆ ಆರು ಕಿ.ಮೀ. ಸಿಕ್ಕರೆ ಹೆಚ್ಚು, ಈಗ ಒಂಬತ್ತು ಹತ್ತರ ಹತ್ತಿರ ಬರುತ್ತದೆ. ಸದ್ದು ಜಾಸ್ತಿ, ಅದರಲ್ಲಿ ಸುಳ್ಳು ಹೇಳೋಕಾಗಲ್ಲ. ಫೈರ್‌ವಾಲ್‌ಗೆ, ನೆಲಕ್ಕೆ ದಪ್ಪ ಮ್ಯಾಟ್ ಹಾಸಿದ ಮೇಲೆ ಮಾತಾಡಿದ್ದು ಕೇಳಿಸುತ್ತದೆ. ಕ್ಲಚ್ ಬಿಟ್ಟು ನ್ಯೂಟ್ರಲ್‌ನಲ್ಲಿ ನಿಂತಾಗ ಗೇರ್‌ಬಾಕ್ಸ್ ಕಟಕಟ ಅನ್ನುತ್ತದೆ. ನಾಲ್ಕು ಸಿಲಿಂಡರ್ ಡೀಸೆಲ್ ಹಿಂದೆ ಒಳಗೆ ಸ್ಪ್ರಿಂಗ್ ಇಲ್ಲದ ಒಂದೇ ತುಂಡಿನ ಫ್ಲೈವೀಲ್ ಇಟ್ಟರೆ ಅದು ಹಾಗೇ, ಕ್ಲಚ್ ಒತ್ತಿದರೆ ನಿಲ್ಲುತ್ತದೆ.

ನನಗೆ ಅಭ್ಯಾಸವಾಗೋಕೆ ಹೊತ್ತು ಹಿಡಿದದ್ದು ಇಳಿಜಾರು. ಹಳೆ ಪೆಟ್ರೋಲ್ ಎಂಜಿನ್ ಕಾಲು ತೆಗೆದ ಕೂಡಲೇ ಗಾಡಿಯನ್ನು ಹಿಂದಕ್ಕೆ ಹಿಡಿದುಕೊಳ್ಳುತ್ತಿತ್ತು. ಥ್ರಾಟಲ್ ಮುಚ್ಚಿದಾಗ ಹುಟ್ಟುವ ಅದೇ ವ್ಯಾಕ್ಯೂಮ್‌ನ ಕೆಲಸ. ಡೀಸೆಲ್‌ನಲ್ಲಿ ಕಾಲು ತೆಗೆದರೆ ಗಾಡಿ ಹಾಗೇ ಜಾರಿಕೊಂಡು ಹೋಗುತ್ತದೆ. ದೊಡ್ಡ ಲಾರಿಗಳಿಗೆ ಹೊಗೆಯ ದಾರಿ ತಡೆದು ಎಂಜಿನ್‌ನಿಂದಲೇ ವೇಗ ಇಳಿಸುವ ಎಕ್ಸಾಸ್ಟ್ ಬ್ರೇಕ್ ಹಾಕೋದು ಇದಕ್ಕೇ. ಟ್ರೇಲರ್ ಕಟ್ಟಿಕೊಂಡು ಘಾಟಿ ಇಳಿಯುವಾಗ ಈಗ ಘಾಟಿಯ ತುದಿಯಲ್ಲೇ ಗೇರ್ ಇಳಿಸಿಕೊಂಡು, ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿಯುತ್ತೇನೆ. ಎಕ್ಸಾಸ್ಟ್ ಬ್ರೇಕ್ ಹಾಕಬೇಕು ಅಂತ ಗೆಳೆಯ ಹಟ ಹಿಡಿದಿದ್ದಾನೆ. ಟರ್ಬೋ ಹಿಂದೆ ಅಷ್ಟು ಒತ್ತಡ ಕಟ್ಟಿದರೆ ಈ ಎಂಜಿನ್‌ನ ಎಕ್ಸಾಸ್ಟ್ ವಾಲ್ವ್ ಸ್ಪ್ರಿಂಗ್‌ಗಳು ತಡೆದುಕೊಳ್ಳುತ್ತವಾ ಅಂತ ಖಾತ್ರಿಯಾಗುವ ತನಕ ನಾನು ಒಪ್ಪಿಲ್ಲ.